ಯಾವ ಹೊಸಹಳ್ಳಿ ಸ್ವಾಮೀ? – ಡೇಟಾಬೇಸ್ ಕನೆಕ್ಷನ್ ಮತ್ತು ಸರ್ಚ್ ಪಾತ್ ಬಗ್ಗೆ ಒಂದು ಪಾಠ



ಈ ಸಲದ ಸಂಚಿಕೆಗೆ ಡೇಟಾಬೇಸ್ ಬಗ್ಗೆ ಬರೆಯುತ್ತೇನೆ ಅಂದಾಗ ಮನೆಯಲ್ಲಿ ಬಂದ ಮೊದಲ ಪ್ರತಿಕ್ರಿಯೆ, "ಬಿಸಿಬೇಳೆ ಬಾತ್ ಬಗ್ಗೆ ಬರೆದರೆ ನಾಲ್ಕು ಜನ ಓದ್ತಾರೆ!" ಮಾತು ನಿಜ. ಆದರೆ ಶಿಕಾಗೋ, ಡೆಟ್ರಾಯಿಟ್ ಸುತ್ತಮುತ್ತಲ ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಕೆಲಸದವರು ಕಡಿಮೆಯೇನಿಲ್ಲ. ಕಾಲೇಜಿನಲ್ಲಿ ಡೇಟಾಬೇಸ್ ಕೋರ್ಸ್ ತೆಗೆದುಕೊಂಡು ತಲೆ ಕೆರೆದುಕೊಳ್ಳುತ್ತಿರುವ ಮಕ್ಕಳಿದ್ದಾರೆ, ಮಕ್ಕಳು ದೊಡ್ಡವರಾದ ಮೇಲೆ ಹೊಸದಾಗಿ ಕಲಿಯುತ್ತಿರುವ ತಾಯಂದಿರಿದ್ದಾರೆ. ಇನ್ನು ಕೂಟ, ಕನ್ನಡ ಶಾಲೆ, ನಾಟಕದ ಟಿಕೆಟ್ ಎಂದು ಯಾವುದೋ ಒಂದು ಪಟ್ಟಿಯನ್ನು ಬಿಟ್ಟಿಯಾಗಿ ಕಾಯುತ್ತಿರುವ ಸ್ವಯಂಸೇವಕರಂತೂ ಇದ್ದೇ ಇದ್ದಾರೆ. ಅವರಿಗಾಗಿ ಈ ಪಾಠ.

ಮೊದಲೇ ಒಂದು ಮಾತು. ಪತ್ರಿಕೆಯ ಪದ್ಧತಿಯಂತೆ ಆಜ್ಞೆಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ದಯವಿಟ್ಟು ಇಂಗ್ಲಿಷಿನಲ್ಲೇ ಮಾಡಿ, ಪಾಪದ ಸರ್ವರ್‌ಗೆ ಕನ್ನಡ ಬರುವುದಿಲ್ಲ. ಉದಾಹರಣೆಗಳೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿನವು. ಅದು ಉಚಿತ, ಹಾಗಾಗಿ ದುಡ್ಡಿಲ್ಲದ ನಮ್ಮಂಥ ಸಂಘಗಳಿಗೆ ಒಗ್ಗುತ್ತದೆ.

ಕರ್ನಾಟಕದಲ್ಲಿ ಹೊಸಹಳ್ಳಿಗಳು ಎಷ್ಟಿವೆಯೋ ಲೆಕ್ಕ ಇಟ್ಟವರಿಲ್ಲ. ಬಸ್ಸು ಹತ್ತಿ ಬರೀ "ಒಂದು ಹೊಸಹಳ್ಳಿ" ಅಂದರೆ ಕಂಡಕ್ಟರು ತನ್ನ ರೂಟಿನಲ್ಲಿ ಮೊದಲು ಸಿಗುವ ಹೊಸಹಳ್ಳಿಗೆ ಟಿಕೆಟ್ ಹರಿಯುತ್ತಾನೆ. ನೀವು ಇಳಿದದ್ದು ನಿಮ್ಮ ಅತ್ತೆಯ ಊರೋ ಅಲ್ಲವೋ ಅವನಿಗೆ ಸಂಬಂಧವಿಲ್ಲ. ಆ ರೂಟಿನಲ್ಲಿ ಹೊಸಹಳ್ಳಿಯೇ ಇಲ್ಲದಿದ್ದರೆ "ಅಂಥ ಊರೇ ಇಲ್ಲ" ಅನ್ನುತ್ತಾನೆ. ಊರು ಇದೆ, ಅವನ ರೂಟಿನಲ್ಲಿಲ್ಲ ಅಷ್ಟೆ. ನಮ್ಮ ಕಡೆಯ ಉದಾಹರಣೆ ಬೇಕೆ? ಟ್ರಾಯ್ ಅಂದರೆ ಡೆಟ್ರಾಯಿಟ್‌ನವರಿಗೆ ಪಕ್ಕದ ಊರು. ಇಲಿನಾಯ್ ರಾಜ್ಯದಲ್ಲೂ ಒಂದು ಟ್ರಾಯ್ ಇದೆ, ಸೇಂಟ್ ಲೂಯಿಸ್ ಹತ್ತಿರ. ಶಿಕಾಗೋದಿಂದ ಗೃಹಪ್ರವೇಶಕ್ಕೆ ಹೊರಟವರು ಊರಿನ ಹೆಸರಷ್ಟನ್ನೇ ಒತ್ತಿದರೆ ಏನಾಗಬಹುದು, ಊಹಿಸಿಕೊಳ್ಳಿ! ಇಡೀ ಪಾಠದ ತಿರುಳು ಇಷ್ಟೇ. ಉಳಿದದ್ದು ವಿವರ. ಆದರೆ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ವಿವರದಲ್ಲೇ.

ಮೊದಲು ಕನೆಕ್ಷನ್ ವಿಷಯ ಬೇಗ ಮುಗಿಸೋಣ. ಡೆಟ್ರಾಯಿಟ್‌ನಿಂದ ಶಿಕಾಗೋಗೆ ಐ-94 ಹಿಡಿದು ಹೊರಟಿದ್ದೀರಿ. ದಾರಿಯಲ್ಲಿ ಕಾರು ಕೆಟ್ಟಿತು. ಫೋನಿನಲ್ಲಿ ಬರೀ "ಕಾರು ಕೆಟ್ಟಿದೆ" ಅಂದರೆ ಯಾರೂ ಸಹಾಯಕ್ಕೆ ಬರಲಾರರು. "ಕಾಲಮಜೂ ದಾಟಿ ನಿಂತಿದ್ದೇವೆ" ಅಂದರೆ ಬರುತ್ತಾರೆ. ಡೇಟಾಬೇಸ್ ಕೊಡುವ ಎರರ್ ಸಂದೇಶವೂ ಹಾಗೆಯೇ, ಬೈಗುಳವಲ್ಲ, ಮೈಲಿಗಲ್ಲು. ನೀವು ಎಲ್ಲಿಯವರೆಗೆ ತಲುಪಿದಿರಿ ಎಂದು ಅದು ಹೇಳುತ್ತದೆ.

"ಕುಡ್ ನಾಟ್ ಟ್ರಾನ್ಸ್‌ಲೇಟ್ ಹೋಸ್ಟ್ ನೇಮ್" ಬಂದರೆ ಕಾರು ಇನ್ನೂ ನಿಮ್ಮ ಮನೆಯ ಡ್ರೈವ್‌ವೇ ಬಿಟ್ಟಿಲ್ಲ, ವಿಳಾಸವೇ ಸಿಕ್ಕಿಲ್ಲ. ಬಹಳ ಹೊತ್ತು ಕಾಯಿಸಿ "ಟೈಮ್ ಔಟ್" ಅಂದರೆ ಸಾಮಾನ್ಯವಾಗಿ ನಡುವೆ ಒಂದು ಫೈರ್‌ವಾಲ್ ಕೂತು ಮಾತೇ ಆಡದೆ ನುಂಗುತ್ತಿದೆ. ತಕ್ಷಣ "ಕನೆಕ್ಷನ್ ರೆಫ್ಯೂಸ್ಡ್" ಬಂದರೆ ಅದು ಬೇರೆ ಕಥೆ. ಮನೆ ಸಿಕ್ಕಿತು, ಆ ಬಾಗಿಲಲ್ಲಿ ಯಾರೂ ಇಲ್ಲ. ಸರ್ವರ್ ಓಡುತ್ತಿಲ್ಲ, ಅಥವಾ ಪೋರ್ಟ್ ನಂಬರ್ ತಪ್ಪು (ಪೋಸ್ಟ್‌ಗ್ರೆಸ್‌ನದು ಮಾಮೂಲಾಗಿ 5432), ಅಥವಾ ಸರ್ವರ್ ತನ್ನದೇ ಯಂತ್ರದೊಳಗಿನ ಕರೆಗೆ ಮಾತ್ರ ಓಗೊಡುತ್ತಿದೆ. ಹೊಸದಾಗಿ ಸ್ಥಾಪಿಸಿದ ಪೋಸ್ಟ್‌ಗ್ರೆಸ್ ಇರುವುದೇ ಹೀಗೆ. "ಲಿಸನ್_ಅಡ್ರೆಸಸ್" ಎಂಬ ಸೆಟ್ಟಿಂಗ್ ಬದಲಾಯಿಸಿ ಸರ್ವರ್ ಮರುಪ್ರಾರಂಭಿಸಬೇಕು.

"ನೋ ಪಿಜಿ_ಎಚ್‌ಬಿಎ ಎಂಟ್ರಿ" ಎಂದು ಬಂದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ಒಳ್ಳೆಯ ಸುದ್ದಿ! ನೆಟ್‌ವರ್ಕ್ ಪೂರ್ತಿ ಸರಿ ಇದೆ, ಸರ್ವರ್ ನಿಮ್ಮೊಂದಿಗೆ ಮಾತಾಡಿದೆ. ಬಾಗಿಲು ಕಾಯುವವನ ಪಟ್ಟಿಯಲ್ಲಿ ನಿಮಗೆ ಹೊಂದುವ ಸಾಲು ಇಲ್ಲ ಅಷ್ಟೆ. ಆ ಪಟ್ಟಿಯನ್ನು ಸರ್ವರ್ ಮೇಲಿನಿಂದ ಕೆಳಕ್ಕೆ ಓದಿ, ಹೊಂದುವ ಮೊದಲ ಸಾಲಿಗೇ ನಿಲ್ಲುತ್ತದೆ. ಕೆಳಗೆ ಇನ್ನೂ ಚೆನ್ನಾಗಿ ಹೊಂದುವ ಸಾಲಿದ್ದರೂ ನೋಡುವುದಿಲ್ಲ. ಈ "ಮೊದಲು ಸಿಕ್ಕಿದ್ದೇ ಸರಿ" ಎಂಬ ಗುಣ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಪಾಸ್‌ವರ್ಡ್ ತಪ್ಪು ಎಂಬ ಸಂದೇಶಕ್ಕೆ ವಿವರಣೆ ಬೇಡ. "ಡೇಟಾಬೇಸ್ ಡಸ್ ನಾಟ್ ಎಕ್ಸಿಸ್ಟ್" ಎಂದು ನಿಮ್ಮದೇ ಹೆಸರಿನ ಡೇಟಾಬೇಸ್ ಕೇಳಿದರೆ ಗಾಬರಿ ಬೇಡ: ಡೇಟಾಬೇಸಿನ ಹೆಸರು ಕೊಡದಿದ್ದರೆ ಪೋಸ್ಟ್‌ಗ್ರೆಸ್ ಬಳಕೆದಾರನ ಹೆಸರನ್ನೇ ಅದರ ಹೆಸರೆಂದು ತಿಳಿಯುತ್ತದೆ. "ಟೂ ಮೆನಿ ಕ್ಲೈಂಟ್ಸ್" ಅಂದರೆ ಛತ್ರ ತುಂಬಿದೆ; ಮಾಮೂಲು ಮಿತಿ 100.

ಐ-94ರ ಮಾತು ಬಂದ ಮೇಲೆ ಆನ್ ಆರ್ಬರ್ ದಾಟಿ ಸುಮ್ಮನೆ ಹೋಗಲು ಮನಸ್ಸಾಗುವುದಿಲ್ಲ. ಟೇಬಲ್‌ಗಳ ಲೆಕ್ಕಾಚಾರವನ್ನು 1970ರಲ್ಲಿ ಜಗತ್ತಿಗೆ ಕೊಟ್ಟ ಎಡ್ಗರ್ ಕಾಡ್ ಡಾಕ್ಟರೇಟ್ ಪಡೆದದ್ದು ಅಲ್ಲಿನ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ, 1965ರಲ್ಲಿ. ಪೋಸ್ಟ್‌ಗ್ರೆಸ್‌ನ ಜನಕ ಮೈಕಲ್ ಸ್ಟೋನ್‌ಬ್ರೇಕರ್ ಕೂಡ ಅಲ್ಲಿಯೇ 1971ರಲ್ಲಿ ಡಾಕ್ಟರೇಟ್ ಮುಗಿಸಿ ಬರ್ಕ್ಲಿಗೆ ಹೋದವರು. ಕಾಡ್ ಅವರಿಗೆ 1981ರಲ್ಲಿ, ಸ್ಟೋನ್‌ಬ್ರೇಕರ್‌ಗೆ 2014ರ ಸಾಲಿನಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಶಿಕಾಗೋದವರು ಮುನಿಸಿಕೊಳ್ಳಬೇಡಿ, ಒರಾಕಲ್ ಕಂಪನಿ ಕಟ್ಟಿದ ಲ್ಯಾರಿ ಎಲಿಸನ್ ಬೆಳೆದದ್ದು ನಿಮ್ಮೂರ ದಕ್ಷಿಣ ಭಾಗದಲ್ಲಿ! ಕಾಡ್ ತಮ್ಮ ಗಣಿತದಲ್ಲಿ ಟೇಬಲ್‌ಗೆ ಇಟ್ಟ ಹೆಸರು "ರಿಲೇಷನ್". ಅದಕ್ಕೇ ಪೋಸ್ಟ್‌ಗ್ರೆಸ್‌ಗೆ ಟೇಬಲ್ ಕಾಣದಿದ್ದಾಗ "ರಿಲೇಷನ್ ಡಸ್ ನಾಟ್ ಎಕ್ಸಿಸ್ಟ್" ಎನ್ನುತ್ತದೆ. ಸಂಬಂಧವೇ ಇಲ್ಲವಂತೆ! ವರ್ಷಗಟ್ಟಲೆ ಸಾಕಿದ ಟೇಬಲ್ ಬಗ್ಗೆ ಹೀಗೆ ಕೇಳಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ.

ಈಗ ಸ್ಕೀಮಾ. ಒಂದು ಡೇಟಾಬೇಸ್ ಒಂದು ದೊಡ್ಡ ಮನೆ ಎಂದುಕೊಂಡರೆ ಸ್ಕೀಮಾಗಳು ಅದರ ಕೋಣೆಗಳು. "ಮಕ್ಕಳು" ಎಂಬ ಹೆಸರಿನ ಟೇಬಲ್ ಎರಡು ಕೋಣೆಗಳಲ್ಲಿ ಬೇರೆ ಬೇರೆಯಾಗಿ ಇರಬಹುದು. ಕೋಣೆಯ ಹೆಸರು ಸೇರಿಸಿ "ಪಬ್ಲಿಕ್.ಮಕ್ಕಳು" ಎಂದು ಕರೆದರೆ ಗೊಂದಲವಿಲ್ಲ. ಬರೀ "ಮಕ್ಕಳು" ಎಂದರೆ ಯಾವ ಕೋಣೆಗಳನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬ ಪಟ್ಟಿಯೇ ಸರ್ಚ್ ಪಾತ್. ನಮ್ಮ ಕಂಡಕ್ಟರನ ರೂಟು. 2002ರ ಕೊನೆಯಲ್ಲಿ ಬಂದ 7.3ನೇ ಆವೃತ್ತಿಯಿಂದ ಇದು ಪೋಸ್ಟ್‌ಗ್ರೆಸ್‌ನಲ್ಲಿದೆ. "ಶೋ ಸರ್ಚ್_ಪಾತ್" ಎಂದು ಕೇಳಿದರೆ ಮಾಮೂಲಾಗಿ ಸಿಗುವ ಉತ್ತರ: ಡಾಲರ್ ಗುರುತಿನ "ಯೂಸರ್", ಆಮೇಲೆ "ಪಬ್ಲಿಕ್". ಅಂದರೆ ಮೊದಲು ಬಳಕೆದಾರನ ಹೆಸರಿನದೇ ಕೋಣೆ ಇದ್ದರೆ ಅಲ್ಲಿ ನೋಡು, ಇಲ್ಲದಿದ್ದರೆ ಅದನ್ನು ಬಿಟ್ಟು ಪಬ್ಲಿಕ್‌ನಲ್ಲಿ ನೋಡು. ಹೊಸ ಟೇಬಲ್ ಮಾಡುವಾಗಲೂ ಅಷ್ಟೇ, ಪಟ್ಟಿಯಲ್ಲಿ ನಿಜವಾಗಿ ಇರುವ ಮೊದಲ ಕೋಣೆಯಲ್ಲಿ ಅದು ಹುಟ್ಟುತ್ತದೆ.

"ಇದ್ದರೆ" ಎಂಬ ಆ ಒಂದು ಮಾತು ಏನೆಲ್ಲ ಮಾಡಬಹುದು ಎನ್ನುವುದಕ್ಕೆ ನಾನು ಹತ್ತಿರದಿಂದ ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಕ್ಟೋಬರ್ ಕೊನೆಯ ಒಂದು ಶನಿವಾರ ಗೆಳೆಯರೊಬ್ಬರ ಫೋನ್ ಬಂತು. ಅವರು ಕೈಜೋಡಿಸಿದ್ದ ಒಂದು ಸಣ್ಣ ಭಾಷಾ ತರಗತಿಯ ನೋಂದಣಿ ಪಟ್ಟಿಯಲ್ಲಿ ಬೆರಳೆಣಿಕೆಯಷ್ಟೇ ಹೆಸರುಗಳು ಕಾಣುತ್ತಿದ್ದವು. ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಆ ಪಟ್ಟಿಯಿಂದಲೇ ಮಕ್ಕಳ ಹೆಸರು ಮುದ್ರಿಸಬೇಕು. ತಿಂಗಳಿಂದ ಹಾಡು ಕಲಿತಿದ್ದ ಮಕ್ಕಳೇ ಪಟ್ಟಿಯಲ್ಲಿಲ್ಲ! ಸಮಿತಿಯವರು ಆಗಲೇ ತೀರ್ಮಾನಕ್ಕೆ ಬಂದಿದ್ದರು: "ಡೇಟಾ ಹೋಗಿದೆ, ಡೇಟಾಬೇಸ್ ಅಳಿಸಿ ಹಿಂದಿನ ತಿಂಗಳ ಬ್ಯಾಕಪ್ ಹಾಕಿಬಿಡೋಣ."

ಹಾಕಿದ್ದರೆ ಏನಾಗುತ್ತಿತ್ತು? ಕೊನೆಯ ಮೂರು ವಾರಗಳಲ್ಲಿ ಸೇರಿದ ಮಕ್ಕಳ ಹೆಸರು, ಕಟ್ಟಿದ ಶುಲ್ಕ ಎರಡೂ ನಿಜವಾಗಿಯೇ ಹೋಗುತ್ತಿದ್ದವು. ಏಕೆಂದರೆ ಅಲ್ಲಿಯವರೆಗೆ ಒಂದೇ ಒಂದು ಸಾಲೂ ಕಳೆದಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಅಂತಾರಲ್ಲ, ಹಾಗೆ.

ನಡೆದದ್ದು ಇಷ್ಟು. ಅವರ ಪ್ರೋಗ್ರಾಂ "ಕೂಟ" ಎಂಬ ಬಳಕೆದಾರನಾಗಿ ಲಾಗಿನ್ ಆಗುತ್ತಿತ್ತು, ಟೇಬಲ್‌ಗಳೆಲ್ಲ ಪಬ್ಲಿಕ್ ಕೋಣೆಯಲ್ಲಿದ್ದವು. ವರದಿಗಳನ್ನು ಪ್ರತ್ಯೇಕ ಇಡಲು ಯಾರೋ "ಕೂಟ" ಎಂಬ ಹೆಸರಿನದೇ ಹೊಸ ಸ್ಕೀಮಾ ಮಾಡಿದರು. ಆ ಕ್ಷಣದಿಂದ ಹುಡುಕುವ ಕ್ರಮದಲ್ಲಿ ಕೂಟ ಮೊದಲು, ಪಬ್ಲಿಕ್ ಆಮೇಲೆ. ಆದರೂ ಅವತ್ತು ಏನೂ ಕೆಡಲಿಲ್ಲ. ಕೂಟದಲ್ಲಿ "ಮಕ್ಕಳು" ಟೇಬಲ್ ಇಲ್ಲದ್ದರಿಂದ ಹುಡುಕಾಟ ಪಬ್ಲಿಕ್‌ಗೆ ಮುಂದುವರಿಯುತ್ತಿತ್ತು. ಕೆಲವು ದಿನಗಳ ಮೇಲೆ ಸರ್ವರ್ ಮರುಪ್ರಾರಂಭವಾಯಿತು. ಪ್ರೋಗ್ರಾಂ ಏಳುವಾಗ "ಕ್ರಿಯೇಟ್ ಟೇಬಲ್ ಇಫ್ ನಾಟ್ ಎಕ್ಸಿಸ್ಟ್ಸ್" ಎಂಬ ಆಜ್ಞೆಗಳನ್ನು ನಡೆಸುತ್ತಿತ್ತು. ಕೇಳಲು ಎಷ್ಟು ಸಾಧು ಆಜ್ಞೆ! ಆದರೆ ಅದು "ಇದೆಯೇ" ಎಂದು ನೋಡುವುದು ಟೇಬಲ್ ಹುಟ್ಟಬೇಕಾದ ಕೋಣೆಯಲ್ಲಿ ಮಾತ್ರ, ಇಡೀ ದಾರಿಯಲ್ಲಲ್ಲ. ಕೂಟದಲ್ಲಿ ಇಲ್ಲ, ಸರಿ, ಹೊಸದಾಗಿ ಖಾಲಿ "ಮಕ್ಕಳು", ಖಾಲಿ "ಶುಲ್ಕ" ಟೇಬಲ್‌ಗಳು ಅಲ್ಲಿ ಹುಟ್ಟಿದವು. ಆಮೇಲೆ ಬಂದ ಹೊಸ ಮಕ್ಕಳೆಲ್ಲ ಅಲ್ಲಿಗೇ ಸೇರಿದರು. ಹಳಬರು ಪಕ್ಕದ ಕೋಣೆಯಲ್ಲಿ ಸುಖವಾಗಿ ಕೂತಿದ್ದರು. ಎರರ್ ಒಂದೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಸರ್ಚ್ ಪಾತ್‌ನ ನಿಜವಾದ ಅಪಾಯ "ಟೇಬಲ್ ಇಲ್ಲ" ಎಂಬ ಎರರ್ ಅಲ್ಲವೇ ಅಲ್ಲ. ಎರರ್ ಬಾರದೆ ತಪ್ಪು ಟೇಬಲ್ ಸಿಗುವುದು.

ಪತ್ತೆ ಮಾಡಲು ಐದು ನಿಮಿಷ ಸಾಕಾಯಿತು. "\ಕಾನ್‌ಇನ್‌ಫೋ" ಎಂದು ಒತ್ತಿದರೆ ಯಾವ ಸರ್ವರ್, ಯಾವ ಪೋರ್ಟ್, ಯಾವ ಡೇಟಾಬೇಸ್, ಯಾರ ಹೆಸರಿನಲ್ಲಿ ಕೂತಿದ್ದೀರಿ ತಿಳಿಯುತ್ತದೆ. ಒಂದೇ ಯಂತ್ರದಲ್ಲಿ ಎರಡು ಪೋಸ್ಟ್‌ಗ್ರೆಸ್ ಇದ್ದು ಒಂದು 5432ರಲ್ಲಿ, ಇನ್ನೊಂದು 5433ರಲ್ಲಿ ಓಡುತ್ತಿರುವುದು ಅಪರೂಪವಲ್ಲ, ಹಾಗಾಗಿ ಇದನ್ನು ಬಿಡಬೇಡಿ. ಪ್ರೋಗ್ರಾಂ ಬಳಸುವ ಬಳಕೆದಾರನಾಗಿಯೇ ಒಳಗೆ ಹೋಗಿ ನೋಡಬೇಕು. ಅಡ್ಮಿನ್ ಆಗಿ ಹೋದರೆ ಅಡ್ಮಿನ್‌ನ ರೂಟು ಕಾಣುತ್ತದೆ, ಪ್ರೋಗ್ರಾಂನದಲ್ಲ. ಆಮೇಲೆ "ಶೋ ಸರ್ಚ್_ಪಾತ್". ಅದು ಬರೆದಿಟ್ಟ ಪಟ್ಟಿ. ನಿಜವಾಗಿ ಹುಡುಕುವ ಪಟ್ಟಿ ಬೇಕೆಂದರೆ "ಸೆಲೆಕ್ಟ್ ಕರೆಂಟ್_ಸ್ಕೀಮಾಸ್(ಟ್ರೂ)". ಕೊನೆಗೆ "\ಡಿಟಿ *.ಮಕ್ಕಳು": ಯಾವ ಯಾವ ಕೋಣೆಯಲ್ಲಿ ಈ ಹೆಸರಿನ ಟೇಬಲ್ ಇದೆ ಎಂದು ಎಲ್ಲವನ್ನೂ ತೋರಿಸುತ್ತದೆ. ಎರಡು ಸಾಲು ಬಂದವು. ಫೋನಿನ ಆ ಕಡೆ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು.

ಸರಿಪಡಿಸುವುದು ಮಾತ್ರ ಐದು ನಿಮಿಷದ ಕೆಲಸವಲ್ಲ, ಇಲ್ಲಿ ಅವಸರ ಬೇಡ. ಮೊದಲು ಪ್ರೋಗ್ರಾಂ ನಿಲ್ಲಿಸಿ, ಎರಡೂ ಸ್ಕೀಮಾಗಳು ಇರುವ ಹಾಗೆ ಪೂರ್ತಿ ಡೇಟಾಬೇಸಿನ ಬ್ಯಾಕಪ್ ತೆಗೆಯಬೇಕು. ಕೋಣೆಯ ಹೆಸರು ಸೇರಿಸಿ ಎರಡೂ ಟೇಬಲ್‌ಗಳ ಸಾಲು ಎಣಿಸಬೇಕು. ತೊಡಕು ಎಲ್ಲಿ ಎಂದರೆ, ಹೊಸ ಟೇಬಲ್‌ನ ಕ್ರಮಸಂಖ್ಯೆ ಮತ್ತೆ 1ರಿಂದ ಶುರುವಾಗಿರುತ್ತದೆ. ಹಳೆಯ 7ನೇ ನಂಬರಿನ ಮಗು ಒಂದು, ಹೊಸ 7ನೇ ನಂಬರಿನ ಮಗು ಇನ್ನೊಂದು. ಹಾಗೇ ನಕಲು ಮಾಡಲು ಹೋದರೆ ಪ್ರೈಮರಿ ಕೀ ತಡೆಯುತ್ತದೆ, ಅದು ಪುಣ್ಯ. ಆ ತಡೆಗೆ ಬೇಸತ್ತು "ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್" ಎಂದು ಸೇರಿಸಿದಿರೋ, ನಂಬರ್ ತಾಳೆಯಾದ ಹೊಸ ಮಕ್ಕಳೆಲ್ಲ ಸದ್ದಿಲ್ಲದೆ ಉದುರಿಹೋಗುತ್ತಾರೆ. ಅವರ ಶುಲ್ಕ ಬೇರೆ ಮಕ್ಕಳ ಹೆಸರಿಗೆ ಜಮಾ ಆಗುವ ಸಾಧ್ಯತೆಯೂ ಉಂಟು! ನಾವು ಮಾಡಿದ್ದು, ಹೊಸ ಮಕ್ಕಳ ನಂಬರಿಗೂ ಅವರ ಶುಲ್ಕದ ಸಾಲುಗಳಲ್ಲಿರುವ ಅದೇ ನಂಬರಿಗೂ ಒಂದು ದೊಡ್ಡ ಸಂಖ್ಯೆ ಕೂಡಿಸಿ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಪಬ್ಲಿಕ್‌ಗೆ ಸೇರಿಸಿ, ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್ ಅನ್ನು ಅದಕ್ಕಿಂತ ಮುಂದಕ್ಕೆ ತಳ್ಳಿದೆವು. ನಕಲಿ ಟೇಬಲ್‌ಗಳನ್ನು ಅಳಿಸಲಿಲ್ಲ. "ಕೂಟ" ಸ್ಕೀಮಾದ ಹೆಸರನ್ನು "ವರದಿ" ಎಂದು ಬದಲಾಯಿಸಿದೆವು ಅಷ್ಟೆ. ಆ ಹೆಸರಿನ ಕೋಣೆ ಈಗ ಬಳಕೆದಾರನ ದಾರಿಯಲ್ಲಿಲ್ಲ. ಭಾನುವಾರ ಸಂಜೆ ಪಟ್ಟಿ ಮುದ್ರಣಕ್ಕೆ ಹೋಯಿತು, ಎಲ್ಲ ಮಕ್ಕಳ ಹೆಸರೂ ಇತ್ತು.

ಶಾಶ್ವತ ಪರಿಹಾರಕ್ಕೆ "ಆಲ್ಟರ್ ರೋಲ್ ಕೂಟ ಸೆಟ್ ಸರ್ಚ್_ಪಾತ್" ಎಂದು ಆ ಬಳಕೆದಾರನ ದಾರಿಯನ್ನು ಸ್ಪಷ್ಟವಾಗಿ ಬರೆದುಬಿಡಿ. ಎರಡು ಸಂಗತಿ ಗಮನಿಸಿ. ಇದು ಹೊಸ ಕನೆಕ್ಷನ್‌ಗಳಿಗೆ ಮಾತ್ರ ಅನ್ವಯ. ಪ್ರೋಗ್ರಾಂ ಹಳೆಯ ಕನೆಕ್ಷನ್‌ಗಳನ್ನು ಪೂಲ್‌ನಲ್ಲಿ ಹಿಡಿದಿಟ್ಟುಕೊಂಡಿದ್ದರೆ ಅದನ್ನು ಮರುಪ್ರಾರಂಭಿಸುವವರೆಗೆ "ಬದಲಾಯಿಸಿದರೂ ಆಗ್ತಾ ಇಲ್ಲ" ಎನಿಸುತ್ತದೆ. ಎರಡನೆಯದು, ಇದೇ ಸೆಟ್ಟಿಂಗ್ ಡೇಟಾಬೇಸ್ ಮಟ್ಟದಲ್ಲೂ ಇರಬಹುದು, ಆಗ ಬಳಕೆದಾರನದೇ ಗೆಲ್ಲುತ್ತದೆ. ಯಾರು ಯಾರಿಗೆ ಏನು ಬರೆದಿದ್ದಾರೆ ಎಂದು "\ಡಿಆರ್‌ಡಿಎಸ್" ತೋರಿಸುತ್ತದೆ. ಪಿಜಿಬೌನ್ಸರ್‌ನಂಥ ಪೂಲರ್ ಅನ್ನು ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಬಳಸುವವರು ಬರೀ "ಸೆಟ್" ನಂಬಬೇಡಿ. ನೀವು ಹಾಕಿದ ದಾರಿ ಮುಂದಿನ ಗಿರಾಕಿಯ ಪಾಲಾಗಬಹುದು. ಟ್ರಾನ್ಸಾಕ್ಷನ್ ಒಳಗೆ "ಸೆಟ್ ಲೋಕಲ್" ಹಾಕಿದರೆ ಅದು ಅಲ್ಲೇ ಮುಗಿಯುತ್ತದೆ.

"ಟೇಬಲ್ ಇಲ್ಲ" ಎಂಬ ಎರರ್‌ಗೆ ಇನ್ನೆರಡು ಮಾಮೂಲು ಕಾರಣಗಳಿವೆ. ಒಂದು, ಪಟ್ಟಿಯಲ್ಲಿ ಕೋಣೆ ಇದೆ, ಆದರೆ ನಿಮಗೆ ಒಳಗೆ ಹೋಗುವ ಅನುಮತಿ ಇಲ್ಲ. ಆಗ ಪೋಸ್ಟ್‌ಗ್ರೆಸ್ ಅದನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಕೋಣೆಯ ಹೆಸರು ಸೇರಿಸಿ ಕೇಳಿ ನೋಡಿ, ಆಗ "ಪರ್ಮಿಷನ್ ಡಿನೈಡ್" ಎಂದು ನಿಜ ಹೇಳುತ್ತದೆ. ಇನ್ನೊಂದು, ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ. ಕೆಲವು ಸಾಧನಗಳು ಉದ್ಧರಣ ಚಿಹ್ನೆ ಹಾಕಿ ದೊಡ್ಡಕ್ಷರದ ಹೆಸರಿಡುತ್ತವೆ. ಚಿಹ್ನೆಯಿಲ್ಲದೆ ಕೇಳಿದರೆ ಪೋಸ್ಟ್‌ಗ್ರೆಸ್ ಎಲ್ಲವನ್ನೂ ಚಿಕ್ಕಕ್ಷರ ಮಾಡಿ ಹುಡುಕಿ ಬರಿಗೈಲಿ ಬರುತ್ತದೆ.

ಇದೆಲ್ಲ ಸಣ್ಣ ಸಂಘಗಳ ಪೇಚಾಟ ಎಂದುಕೊಳ್ಳಬೇಡಿ. 2018ರ ಮಾರ್ಚ್ 1ರಂದು ಪೋಸ್ಟ್‌ಗ್ರೆಸ್ ತಂಡ ಆಗ ಚಾಲ್ತಿಯಲ್ಲಿದ್ದ ಎಲ್ಲ ಆವೃತ್ತಿಗಳಿಗೂ ಒಂದು ಸುರಕ್ಷತಾ ಪರಿಷ್ಕರಣೆ ಹೊರಡಿಸಿತು. ಸಮಸ್ಯೆಯ ಸಂಖ್ಯೆ ಸಿವಿಇ-2018-1058. ಮೂಲ ಇದೇ ಹುಡುಕುವ ಕ್ರಮ. ಆಗೆಲ್ಲ ಪಬ್ಲಿಕ್ ಕೋಣೆಯಲ್ಲಿ ಯಾರು ಬೇಕಾದರೂ ವಸ್ತು ಸೃಷ್ಟಿಸಬಹುದಿತ್ತು. ಅಕ್ಷರಗಳನ್ನು ಚಿಕ್ಕದು ಮಾಡುವ "ಲೋವರ್" ಎಂಬ ಫಂಕ್ಷನ್ ನೋಡಿ. ಪೋಸ್ಟ್‌ಗ್ರೆಸ್ ಜೊತೆಗೇ ಬರುವುದು "ಟೆಕ್ಸ್ಟ್" ವಿಧದ ಮಾಹಿತಿಗಾಗಿ ಬರೆದದ್ದು. ನಿಮ್ಮ ಕಾಲಂ "ವಾರ್‌ಕ್ಯಾರ್" ವಿಧದ್ದಾಗಿದ್ದು, ಕಿಡಿಗೇಡಿಯೊಬ್ಬ ವಾರ್‌ಕ್ಯಾರ್‌ಗೆಂದೇ "ಲೋವರ್" ಎಂಬ ಹೆಸರಿನ ಫಂಕ್ಷನ್ ಪಬ್ಲಿಕ್‌ನಲ್ಲಿ ಇಟ್ಟರೆ, ಹೆಚ್ಚು ಹೊಂದುವುದು ಅದೇ ಎಂದು ಪೋಸ್ಟ್‌ಗ್ರೆಸ್ ಅವನದನ್ನು ಕರೆಯುತ್ತದೆ. ಕರೆದವರು ಅಡ್ಮಿನ್ ಆಗಿದ್ದರೆ ಅವನ ಕೋಡ್ ಅಡ್ಮಿನ್ ಅಧಿಕಾರದಲ್ಲಿ ಓಡುತ್ತದೆ! 2022ರ ಅಕ್ಟೋಬರಿನಲ್ಲಿ ಬಂದ 15ನೇ ಆವೃತ್ತಿಯಿಂದ ಪಬ್ಲಿಕ್‌ನಲ್ಲಿ ಸೃಷ್ಟಿಸುವ ಹಕ್ಕನ್ನು ಎಲ್ಲರಿಂದ ಹಿಂತೆಗೆದರು. ಹೊಸ ಸರ್ವರ್‌ನಲ್ಲಿ ಹಳೆಯ ಪಾಠದ ಪುಸ್ತಕ ಹಿಡಿದು ಟೇಬಲ್ ಮಾಡಲು ಹೋದ ನಮ್ಮ ಕಾಲೇಜು ಮಕ್ಕಳಿಗೆ "ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್" ಬರುವುದು ಇದರಿಂದ. ಹಳೆಯದರಿಂದ ಮೇಲ್ದರ್ಜೆಗೆ ತಂದ ಡೇಟಾಬೇಸ್‌ಗಳಲ್ಲಿ ಹಳೆಯ ಸಡಿಲ ಹಕ್ಕೇ ಉಳಿದಿರುತ್ತದೆ, ಅದನ್ನು ನೀವೇ ಬಿಗಿ ಮಾಡಬೇಕು.

ಅದೇ 2018ರ ಪರಿಷ್ಕರಣೆಯಿಂದ ಬಂದ ಇನ್ನೊಂದು ಬದಲಾವಣೆ ಸ್ವಯಂಸೇವಕರನ್ನು ಬಹಳ ಹೆದರಿಸುತ್ತದೆ. ಪಿಜಿ_ಡಂಪ್ ಬರೆಯುವ ಬ್ಯಾಕಪ್ ಫೈಲು ಈಗ ಶುರುವಿನಲ್ಲೇ ಸರ್ಚ್ ಪಾತ್ ಅನ್ನು ಖಾಲಿ ಮಾಡುತ್ತದೆ. ಅದೇ ಕಿಟಕಿಯಲ್ಲಿ ಫೈಲನ್ನು ಓಡಿಸಿ, ಅಲ್ಲೇ "\ಡಿಟಿ" ಎಂದರೆ ಒಂದು ಟೇಬಲ್ಲೂ ಕಾಣುವುದಿಲ್ಲ. ರಿಸ್ಟೋರ್ ಕೈಕೊಟ್ಟಿತು ಎಂದು ಮತ್ತೆ ಅಳಿಸಿ ಮತ್ತೆ ಹಾಕುವವರಿದ್ದಾರೆ. ಹೊರಗೆ ಹೋಗಿ ಮತ್ತೆ ಲಾಗಿನ್ ಆಗಿ, ಎಲ್ಲ ಇದ್ದಲ್ಲೇ ಇರುತ್ತದೆ. ರಿಸ್ಟೋರ್ ನಡುವೆಯೇ "ಫಂಕ್ಷನ್ ಇಲ್ಲ, ರಿಲೇಷನ್ ಇಲ್ಲ" ಎಂದು ನಿಜವಾಗಿ ನಿಂತರೆ, ಇಂಡೆಕ್ಸ್ ಒಳಗೆ ಬಳಸಿದ ಯಾವುದೋ ಫಂಕ್ಷನ್‌ನಲ್ಲಿ ಕೋಣೆಯ ಹೆಸರಿಲ್ಲದೆ ಟೇಬಲ್ ಕರೆದಿರುತ್ತೀರಿ. ಅದಕ್ಕೇ ನಾನು ಪ್ರೋಗ್ರಾಂನ ದಿನನಿತ್ಯದ ಪ್ರಶ್ನೆಗಳಲ್ಲಿ ಬರೀ ಹೆಸರು ಒಪ್ಪಿದರೂ, ಫಂಕ್ಷನ್‌ಗಳಲ್ಲಿ ಮತ್ತು ಟೇಬಲ್ ಬದಲಾಯಿಸುವ ಸ್ಕ್ರಿಪ್ಟ್‌ಗಳಲ್ಲಿ ಪೂರ್ತಿ ಹೆಸರೇ ಇರಲಿ ಎನ್ನುತ್ತೇನೆ.

ಬೇರೆ ಡೇಟಾಬೇಸ್‌ನವರಿಗೆ ಚುಟುಕಾಗಿ: ಮೈಎಸ್‌ಕ್ಯೂಎಲ್‌ನಲ್ಲಿ ಸ್ಕೀಮಾ ಅಂದರೂ ಡೇಟಾಬೇಸ್ ಅಂದರೂ ಒಂದೇ. ಒರಾಕಲ್‌ನಲ್ಲಿ ಬಳಕೆದಾರನೇ ಸ್ಕೀಮಾ. ಎಸ್‌ಕ್ಯೂಎಲ್ ಸರ್ವರ್ ನಿಮ್ಮ ಡೀಫಾಲ್ಟ್ ಸ್ಕೀಮಾ ನೋಡಿ ಆಮೇಲೆ "ಡಿಬಿಒ" ನೋಡುತ್ತದೆ.

ನಿಮ್ಮಲ್ಲೂ ಯಾವುದಾದರೂ ಪಟ್ಟಿ ಮಾಯವಾದರೆ, ಬ್ಯಾಕಪ್ ಹಾಕುವ ಮೊದಲು ಸಂಪಾದಕರ ಮೂಲಕ ನನಗೊಂದು ಇಮೇಲ್ ಹಾಕಿ. ಎರರ್ ಸಂದೇಶವನ್ನು ಇದ್ದ ಹಾಗೇ ನಕಲು ಮಾಡಿ, ಜೊತೆಗೆ "\ಕಾನ್‌ಇನ್‌ಫೋ", "ಶೋ ಸರ್ಚ್_ಪಾತ್" ಮತ್ತು ಆ ಟೇಬಲ್‌ನ "\ಡಿಟಿ" ಉತ್ತರ, ಇಷ್ಟು ಸಾಕು. ಕನೆಕ್ಷನ್ ಸ್ಟ್ರಿಂಗ್ ಕಳಿಸುವುದಾದರೆ ಅದರ ನಡುವೆ ಪಾಸ್‌ವರ್ಡ್ ಅಡಗಿ ಕೂತಿರುತ್ತದೆ, ತೆಗೆದು ಕಳಿಸಿ.